ತಂಬೂರಿಯೋ, ಶ್ರುತಿ ಪೆಟ್ಟಿಗೆಯೋ, ಆ್ಯಪೋ? ಅಭ್ಯಾಸಕ್ಕೆ ಶ್ರುತಿ ಆರಿಸುವ ಬಗೆ

ಸಂಗೀತ ಪಾಠಕ್ಕೆ ಸೇರಿದ ಹೊಸತರಲ್ಲಿ ಎಲ್ಲರ ಮನೆಯಲ್ಲೂ ಏಳುವ ಪ್ರಶ್ನೆ ಇದು: ಶ್ರುತಿಗೆ, ಅಂದರೆ ಹಾಡುವಾಗ ಹಿನ್ನೆಲೆಯಲ್ಲಿ ನಿಲ್ಲುವ ಆಧಾರ ನಾದಕ್ಕೆ, ಏನು ಇಟ್ಟುಕೊಳ್ಳುವುದು? ಫೋನಿನಲ್ಲಿ ಆ್ಯಪ್ ಇದೆಯಲ್ಲ, ಸಾಲದೇ ಎಂದು ಒಬ್ಬರು ಕೇಳುತ್ತಾರೆ. ಅಜ್ಜಿಯ ಕಾಲದ ಶ್ರುತಿ ಪೆಟ್ಟಿಗೆ ಅಟ್ಟದ ಮೇಲಿದೆ, ಇಳಿಸಲೇ ಎಂದು ಇನ್ನೊಬ್ಬರು. ನಾಲ್ಕೈದು ವರ್ಷ ಕಲಿತವರು ತಂಬೂರಿಯ ಆಸೆ ಇಟ್ಟುಕೊಂಡೇ, ಶ್ರುತಿ ಕೂಡಿಸಲು ಬರುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಕಡೆ ತಿರುಗುತ್ತಾರೆ. ಅಂಗಡಿಯಲ್ಲಿ ಬೆಲೆ, ಗಾತ್ರ, ಬ್ಯಾಟರಿ ಎಲ್ಲ ಹೇಳುತ್ತಾರೆ. ಆ ನಾದದೊಳಗೆ ಯಾವ ಯಾವ ಸ್ವರ ಕೇಳಿಸುತ್ತದೆ ಎಂದು ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಆಯ್ಕೆ ಶುರುವಾಗಬೇಕಾದದ್ದೇ ಅಲ್ಲಿಂದ.

ಒಂದು ತಂತಿಯೊಳಗೆ ಎಷ್ಟು ಸ್ವರ

ಮಂದ್ರ ಷಡ್ಜದ, ಅಂದರೆ ಕೆಳಸ್ಥಾಯಿಯ ಸ ಸ್ವರದ, ತಂತಿ ಸೆಕೆಂಡಿಗೆ 70 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ. ಒಂದೂವರೆ ಮನೆ ಶ್ರುತಿಗೆ (ಹಾರ್ಮೋನಿಯಂನ ಕೀಲಿಗಳನ್ನು ಎಣಿಸಿ ಶ್ರುತಿಯ ಎತ್ತರ ಹೇಳುವ ಲೆಕ್ಕವೇ ಮನೆ) ಹೆಚ್ಚುಕಡಿಮೆ ಇಷ್ಟೇ ಬರುತ್ತದೆ. ತಂತಿ ಇಡಿಯಾಗಿ ಕಂಪಿಸುತ್ತಿರುವಾಗಲೇ ಎರಡು ಭಾಗವಾಗಿ, ಮೂರು ಭಾಗವಾಗಿ, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ. ಹಾಗಾಗಿ 70ರ ಜೊತೆಗೆ 140, 210, 280, 350, 420 ಹೀಗೆ ಅದರ ಗುಣಕಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಇವೇ ಹಾರ್ಮೋನಿಕ್‌ಗಳು. ಸಂಗೀತಗಾರರು ಸ್ವಯಂಭೂ ಸ್ವರಗಳು ಎನ್ನುತ್ತಾರೆ.

ಇವುಗಳನ್ನು ಸ್ವರಗಳಾಗಿ ಓದಿ ನೋಡಿ. 140 ಮಧ್ಯ ಷಡ್ಜ. 210 ಪಂಚಮ. 280 ತಾರ ಷಡ್ಜ. 350 ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ, ಅಂತರ ಗಾಂಧಾರ. 420 ಮತ್ತೆ ಪಂಚಮ. 490 ನಾವು ಹಾಡುವ ಕೈಶಿಕಿ ನಿಷಾದಕ್ಕಿಂತ ತುಸು ಇಳಿದ ಒಂದು ಸ್ವರ. 630ಕ್ಕೆ ಬಂದರೆ ಚತುಶ್ರುತಿ ರಿಷಭ. ಇನ್ನು ಪಂಚಮದ ತಂತಿ 105ರಲ್ಲಿ ಕಂಪಿಸುತ್ತದೆ. ಅದರ ಮೂರನೆಯ ಹಾರ್ಮೋನಿಕ್ 315, ಅದೂ ಚತುಶ್ರುತಿ ರಿಷಭವೇ. ಐದನೆಯದು 525, ಕಾಕಲಿ ನಿಷಾದ. ನಾವು ಶ್ರುತಿ ಮಾಡಿದ್ದು ಸ ಮತ್ತು ಪ ಎರಡೇ ಸ್ವರಕ್ಕೆ. ಆದರೂ ರಿ, ಗ, ನಿ ತಾವಾಗಿ ಬಂದು ಸೇರಿಕೊಂಡಿವೆ. ಹಾಡುವವರು ಗಾಂಧಾರವನ್ನು ಎಲ್ಲಿ ನಿಲ್ಲಿಸಬೇಕು ಎಂದು ತಡಕಾಡುವಾಗ ಶ್ರುತಿಯೇ ಆ ಜಾಗವನ್ನು ತೋರಿಸಿಕೊಡುತ್ತದೆ. ಒಳ್ಳೆಯ ಶ್ರುತಿಯ ಜೊತೆ ಹಾಡಿದ ದಿನ ಕಂಠ ತಾನಾಗಿ ಕೂಡಿಕೊಂಡಂತೆ ಅನಿಸುವುದಕ್ಕೆ ಕಾರಣ ಇದೇ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಸ್ವರಸ್ಥಾನದ ಶುದ್ಧಿ. ಸ ಮತ್ತು ಪ ಒಂದಕ್ಕೊಂದು ಅಲುಗಾಟವಿಲ್ಲದೆ ಕೂಡಬೇಕು. ನಿಮ್ಮ ಕಂಠಕ್ಕೆ ಬೇಕಾದ ಶ್ರುತಿ ಎರಡು ಮನೆಗಳ ನಡುವೆ ಬಿದ್ದರೆ ಅಲ್ಲಿಗೂ ಹೋಗುವಂತಿರಬೇಕು.

ಎರಡನೆಯದು ಹಾರ್ಮೋನಿಕ್‌ಗಳ ಸಮೃದ್ಧಿ. ಗಾಂಧಾರ ಕೇಳಿಸುತ್ತದೆಯೇ ಎಂಬುದು ಇದಕ್ಕೆ ಸುಲಭದ ಪರೀಕ್ಷೆ. ಮಂದ್ರದ ತಂತಿಯೊಂದನ್ನೇ ಮೀಟಿಸಿ, ಅಂತರ ಗಾಂಧಾರವನ್ನು ಮೆಲ್ಲಗೆ ಒಮ್ಮೆ ಗುನುಗಿ, ನಿಲ್ಲಿಸಿ, ಕಿವಿಗೊಡಿ. ಕಿವಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಾದ ಮೇಲೆ, ಇದ್ದರೆ ಅದು ಸಿಕ್ಕೇ ಸಿಗುತ್ತದೆ.

ಮೂರನೆಯದು ಸ್ಥಿರತೆ: ಒಂದು ಗಂಟೆಯ ಅಭ್ಯಾಸದಲ್ಲಿ ಶ್ರುತಿ ಜಾರುತ್ತದೆಯೇ? ನಾಲ್ಕನೆಯದು ನಾದ ಯಾವುದರಿಂದ ಹೊರಗೆ ಬರುತ್ತದೆ ಎಂಬುದು. ಮರದ ಕೊಡದಿಂದಲೋ, ಅಂಗೈಯಗಲದ ಸ್ಪೀಕರಿನಿಂದಲೋ, ಫೋನಿನ ತಳದ ತೂತಿನಿಂದಲೋ? ಕೊನೆಯದು ಖರ್ಚು, ಸಾಗಾಟ, ಮತ್ತು ಅದನ್ನು ಸರಿಯಾಗಿಟ್ಟುಕೊಳ್ಳಲು ಬೇಕಾದ ಕೈ ಮತ್ತು ಕಿವಿ. ಈ ಕೊನೆಯದನ್ನೇ ಜನ ಮರೆಯುತ್ತಾರೆ.

ತಂಬೂರಿ

ನಾದದ ವಿಷಯದಲ್ಲಿ ತಂಬೂರಿಗೆ ಸಾಟಿಯಿಲ್ಲ. ಇದು ಬರೀ ಭಕ್ತಿಯ ಮಾತು ಎನಿಸಬಾರದು, ಇದರ ಹಿಂದೆ ಭೌತಶಾಸ್ತ್ರವಿದೆ. ಸಾಮಾನ್ಯ ತಂತಿಗೆ ಒಂದು ನಿಯಮವಿದೆ: ಯಾವ ಹಾರ್ಮೋನಿಕ್‌ಗೆ ತಂತಿಯ ಮೇಲೆ ಒಂದು ಬಿಂದು ನಿಶ್ಚಲವಾಗಿರಬೇಕೋ, ಆ ಬಿಂದುವಿನಲ್ಲೇ ಮೀಟಿದರೆ ಆ ಹಾರ್ಮೋನಿಕ್ ಹುಟ್ಟುವುದಿಲ್ಲ. 1921ರಲ್ಲಿ ಸಿ. ವಿ. ರಾಮನ್ ತಂಬೂರಿ ಮತ್ತು ವೀಣೆಯ ಮೇಲೆ ಬರೆದಾಗ, ಈ ವಾದ್ಯಗಳು ಆ ನಿಯಮಕ್ಕೆ ಕಟ್ಟುಬೀಳುವುದಿಲ್ಲ ಎಂದು ತೋರಿಸಿದರು. ಹುಟ್ಟಬಾರದ ಹಾರ್ಮೋನಿಕ್ ಇಲ್ಲಿ ಗಟ್ಟಿಯಾಗಿಯೇ ಕೇಳುತ್ತದೆ. ಕಾರಣ ಕುದುರೆ, ಅಂದರೆ ಕೊಡದ ಮೇಲೆ ತಂತಿಗಳನ್ನು ಹೊತ್ತ ಸೇತುವೆ. ತಂತಿ ಚೂಪಾದ ಅಂಚಿನ ಮೇಲೆ ಕೂರದೆ, ಅಗಲವಾದ, ನಯವಾಗಿ ಬಾಗಿದ ಮೇಲ್ಮೈಯ ಮೇಲೆ ಮಲಗಿರುತ್ತದೆ. ಪ್ರತಿ ಕಂಪನದಲ್ಲೂ ಆ ಮೇಲ್ಮೈಯನ್ನು ಸವರಿ ಏಳುತ್ತದೆ, ಮೇಲಿನ ಹಾರ್ಮೋನಿಕ್‌ಗಳಿಗೆ ಮತ್ತೆ ಮತ್ತೆ ಶಕ್ತಿ ತುಂಬುತ್ತದೆ.

ಇದನ್ನು ಹದ ಮಾಡುವುದೇ ಜೀವಾಳಿ. ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ನೂಲನ್ನು ತೂರಿಸಿ, ಒಂದು ಕೈಯಲ್ಲಿ ಮೀಟುತ್ತಾ ಇನ್ನೊಂದು ಕೈಯಲ್ಲಿ ನೂಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸಬೇಕು. ಮೊದಲು ನಾದ ಮಂಕಾಗಿ, ಬರೀ ಮರದ ಸದ್ದಿನಂತೆ ಇರುತ್ತದೆ. ಒಂದು ಜಾಗಕ್ಕೆ ಬಂದಾಗ ಒಮ್ಮೆಲೇ ಅರಳಿಕೊಳ್ಳುತ್ತದೆ. ಒಂದು ಮೀಟಿಗೆ ಹಾರ್ಮೋನಿಕ್‌ಗಳು ಒಂದರ ಹಿಂದೊಂದು ಮುಂದೆ ಬಂದು ಸರಿಯುತ್ತವೆ. ಇನ್ನೂ ತುಸು ಸರಿಸಿದರೆ ಕರಕರ ಎನ್ನುತ್ತದೆ. ಆ ಹದದ ಜಾಗ ಎಷ್ಟು ಕಿರಿದು ಎಂದರೆ, ಬಿರಡೆ ಸ್ವಲ್ಪ ತಿರುಗಿಸಿ ಶ್ರುತಿ ಬದಲಿಸಿದರೂ ನೂಲನ್ನು ಮತ್ತೆ ಹುಡುಕಿ ಕೂರಿಸಬೇಕಾಗುತ್ತದೆ.

ಕಷ್ಟ ಇರುವುದೂ ಇಲ್ಲೇ. ಬಿರಡೆಯಿಂದ ಹತ್ತಿರಕ್ಕೆ ತಂದು, ತಂತಿಗೆ ಪೋಣಿಸಿದ ಮಣಿ ಸರಿಸಿ ಕೂಡಿಸಿ, ಆಮೇಲೆ ಜೀವಾಳಿ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ, ನಾಲ್ಕು ತಂತಿಗಳಿಗೂ ಇಷ್ಟು ಮಾಡಬೇಕು. ಸೆಕೆ, ತೇವ, ಫ್ಯಾನಿನ ಗಾಳಿ ಎಲ್ಲದಕ್ಕೂ ತಂತಿ ಮಿಡುಕುತ್ತದೆ. ಒಬ್ಬರೇ ಅಭ್ಯಾಸ ಮಾಡುವವರು ಹಾಡುತ್ತಲೇ ಮೀಟಬೇಕು, ತಾಳಕ್ಕೆ ಕೈ ಸಿಗುವುದಿಲ್ಲ. ಬಸ್ಸಿನಲ್ಲಿ ಒಯ್ಯುವ ಮಾತು ಬೇರೆಯೇ.

ಆದ್ದರಿಂದ ನನ್ನ ನಿಲುವು ಇಷ್ಟು: ಸರಿಯಾಗಿ ಶ್ರುತಿ ಕೂಡಿಸಿದ ತಂಬೂರಿ ಎಲ್ಲಕ್ಕಿಂತ ಮೇಲು. ಅರೆಬರೆ ಕೂಡಿಸಿದ ತಂಬೂರಿಗಿಂತ ಉಚಿತದ ಆ್ಯಪೇ ಮೇಲು. ಸಾರಣಿ ಮತ್ತು ಅನುಸಾರಣಿ ಒಂದೇ ಸ್ವರದ ಜೋಡಿ. ಅವೆರಡರ ನಡುವೆ ಅಲುಗಾಟ ಇದ್ದರೆ ಮಗುವಿನ ಕಿವಿ ಅದನ್ನೇ ಸರಿ ಎಂದು ಒಪ್ಪಿಕೊಂಡುಬಿಡುತ್ತದೆ. ಮನೆಯಲ್ಲಿ ಶ್ರುತಿ ಕೂಡಿಸುವ ಹಿರಿಯರು ಇದ್ದರೆ, ಅಥವಾ ಗುರುಗಳು ಅದನ್ನೂ ಪಾಠವಾಗಿ ಹೇಳಿಕೊಡುತ್ತಾರಾದರೆ, ಹಣ ಕೂಡಿಸಿ ಕೊಳ್ಳಿ. ತಂಬೂರಿಯನ್ನು ಶ್ರುತಿ ಮಾಡಲು ಕಲಿಯುವುದೇ ಒಂದು ಸಂಗೀತ ಶಿಕ್ಷಣ.

ತಂಜಾವೂರಿನದೋ ಮೀರಜಿನದೋ ಎಂದು ಕೇಳುವವರಿಗೆ: ಕರ್ನಾಟಕ ಸಂಗೀತದವರು ಬಳಸುವ ತಂಜಾವೂರು ತಂಬೂರಿಯ ಕೊಡ ಹಲಸಿನ ಮರದ್ದು, ಹಿಂದೂಸ್ತಾನಿಯವರು ಬಳಸುವ ಮೀರಜಿನದರ ತಳ ಸೋರೆ ಬುರುಡೆಯದು. ಬುರುಡೆ ಹಗುರ, ಆದರೆ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ. ನಿಮ್ಮ ಪದ್ಧತಿ ಯಾವುದೋ ಅದರದನ್ನೇ ಕೊಳ್ಳಿ, ರಿಪೇರಿಗೆ ಗೊತ್ತಿರುವವರು ಸಿಗುತ್ತಾರೆ.

ಶ್ರುತಿ ಪೆಟ್ಟಿಗೆ ಮತ್ತು ಹಾರ್ಮೋನಿಯಂ

ಗಾಳಿಯಿಂದ ನುಡಿಯುವ ರೀಡುಗಳಿಗೂ ಹಾರ್ಮೋನಿಕ್‌ಗಳಿಗೆ ಬರವಿಲ್ಲ, ನಾದ ದಟ್ಟವಾಗಿಯೇ ಇರುತ್ತದೆ. ಆದರೆ ತಂಬೂರಿಯ ಹಾಗೆ ಏಳುತ್ತಾ ಇಳಿಯುತ್ತಾ ಇರುವುದಿಲ್ಲ, ಎಳೆದ ಗೆರೆಯಂತೆ ಒಂದೇ ಸಮ ನಿಲ್ಲುತ್ತದೆ. ಕೆಲವರಿಗೆ ಇದೇ ಹಿತ. ಹೊಸಬರಿಗಂತೂ ಮೀಟಿನ ನಡುವೆ ಖಾಲಿ ಬೀಳದ ಈ ಅಖಂಡ ನಾದದ ಜೊತೆ ಸ್ವರ ಹಿಡಿದು ನಿಲ್ಲುವುದು ಸುಲಭ. ದನಿ ಜೋರು, ಕರೆಂಟು ಬೇಡ, ವರ್ಷಗಟ್ಟಲೆ ಬಾಳುತ್ತದೆ. ಯಕ್ಷಗಾನದಲ್ಲಿ ಚಂಡೆ ಮದ್ದಲೆಯ ಅಬ್ಬರದ ನಡುವೆ ಭಾಗವತರಿಗೆ ಶ್ರುತಿ ಕೇಳಿಸಬೇಕಾದರೆ ಈ ಬಗೆಯ ವಾದ್ಯವೇ ಒದಗುತ್ತದೆ. ಭಜನಾ ಮಂಡಳಿಗೂ ಇದೇ ಮಾತು.

ನೋಡಬೇಕಾದ್ದು ಅದನ್ನು ಕೂಡಿಸಿರುವ ರೀತಿ. ಹಾರ್ಮೋನಿಯಂನಲ್ಲಿ ಸಾಮಾನ್ಯವಾಗಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ. ಇದರಲ್ಲಿ ಪಂಚಮ ಶುದ್ಧ ಪಂಚಮಕ್ಕಿಂತ 2 ಸೆಂಟ್ (ಆ ಹನ್ನೆರಡರಲ್ಲಿ ಒಂದು ಪಾಲಿನ ನೂರನೆಯ ಒಂದು ಭಾಗವೇ ಸೆಂಟ್) ಕಡಿಮೆ, ಅಂತರ ಗಾಂಧಾರ 14 ಸೆಂಟ್ ಹೆಚ್ಚು. ನಮ್ಮ 140ರ ಷಡ್ಜಕ್ಕೆ ಲೆಕ್ಕ ಹಾಕಿದರೆ ಪಂಚಮ 210ರ ಬದಲು 209.76ಕ್ಕೆ ಬರುತ್ತದೆ. ತಂಬೂರಿಯ ಜೊತೆ ನುಡಿಸಿದರೆ, ಎರಡು ಕಂಪನಗಳ ನಡುವಿನ ಈ ವ್ಯತ್ಯಾಸದಿಂದ ನಾಲ್ಕು ಸೆಕೆಂಡಿಗೊಮ್ಮೆ ಮೆಲ್ಲಗೆ ಒಂದು ಅಲೆ ಎದ್ದು ಇಳಿಯುತ್ತದೆ, ಅಷ್ಟೆ. ಸಹಿಸಬಹುದು. ಗಾಂಧಾರ ಹಾಗಲ್ಲ. ತಂಬೂರಿಯೊಳಗಿನ 350ಕ್ಕೆ ಹಾರ್ಮೋನಿಯಂ ಗಾಂಧಾರದ ಎರಡನೆಯ ಹಾರ್ಮೋನಿಕ್ ಸುಮಾರು 352.8. ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಅಲೆ, ಕಿವಿಗೆ ಒರಟೊರಟು. ಇದರ ಮೇಲೆ ಬೆರಳಿಟ್ಟು ಸ್ವರ ಕಲಿತ ಕಂಠಕ್ಕೆ ಆ ಏರಿದ ಗಾಂಧಾರವೇ ರೂಢಿಯಾಗುತ್ತದೆ. 1940ರಿಂದ 1971ರವರೆಗೆ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ನಡೆದ ವಾದಗಳಲ್ಲಿ ಈ ಸ್ವರಸ್ಥಾನದ ಆಕ್ಷೇಪವೂ ಇತ್ತು.

ಹಾಗಾಗಿ ಹಾರ್ಮೋನಿಯಂ ಇದ್ದರೆ ಸ ಮತ್ತು ಪ ಒತ್ತಿ ಬಿಟ್ಟುಬಿಡಿ, ಹಾಡಬೇಕಾದ ಸ್ವರವನ್ನು ಕೀಲಿಯಿಂದ ಹುಡುಕಬೇಡಿ. ಬರೀ ಸ ಪ ಸ ಇರುವ ಶ್ರುತಿ ಪೆಟ್ಟಿಗೆಯಲ್ಲಿ ಗಾಂಧಾರದ ಗೋಜೇ ಇಲ್ಲ. ಪಂಚಮದ ಆ ಸಣ್ಣ ಅಲೆಯನ್ನೂ ರೀಡು ಬಲ್ಲವರು ತೆಗೆದುಕೊಡುತ್ತಾರೆ: ರೀಡಿನ ತುದಿಯನ್ನು ತುಸು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಹೀಗೆ ಸರಿಮಾಡಿಸಿಕೊಳ್ಳುವುದು ಹೊಸದು ಕೊಳ್ಳುವುದಕ್ಕಿಂತ ಅಗ್ಗವೂ ಹೌದು, ಹಿತವೂ ಹೌದು. ಒಂದೇ ಮಿತಿ, ಎರಡು ಮನೆಗಳ ನಡುವಿನ ಶ್ರುತಿಗೆ ಅದು ಹೋಗುವುದಿಲ್ಲ. ಮತ್ತೆ, ತಿದಿಯನ್ನು ಒಂದೇ ಸಮ ಒತ್ತಬೇಕು. ಗಾಳಿ ಏರುಪೇರಾದರೆ ಸ್ವರವೂ ಕೊಂಚ ಹೊಯ್ದಾಡುತ್ತದೆ.

ಎಲೆಕ್ಟ್ರಾನಿಕ್ ತಂಬೂರಿ

ಇದರಲ್ಲಿ ಎರಡು ಜಾತಿ. ಹಳೆಯ ಬಗೆಯವು ಸರ್ಕ್ಯೂಟಿನಲ್ಲೇ ಅಲೆ ಹುಟ್ಟಿಸಿ, ಮೀಟಿದಂತೆ ಏರಿಳಿಸಿ ಕೊಡುತ್ತವೆ. ಹಾರ್ಮೋನಿಕ್‌ಗಳ ಬೆರಕೆ ಪ್ರತಿ ಮೀಟಿಗೂ ಒಂದೇ. ಹೊಸ ಬಗೆಯವು ನಿಜವಾದ ತಂಬೂರಿಯ ಮೀಟನ್ನು ಧ್ವನಿಮುದ್ರಿಸಿ ಮತ್ತೆ ಮತ್ತೆ ನುಡಿಸುತ್ತವೆ. ಇವುಗಳಲ್ಲಿ ಗಾಂಧಾರ ಚೆನ್ನಾಗಿಯೇ ಕೇಳುತ್ತದೆ. ಆದರೆ ಎಲ್ಲ ಮನೆಗಳಿಗೂ ಒಂದೇ ಮುದ್ರಣವನ್ನು ಹಿಗ್ಗಿಸಿ ಕುಗ್ಗಿಸಿ ಕೊಡುವ ಮಾದರಿಗಳಲ್ಲಿ ಒಂದು ತೊಂದರೆ ಇದೆ. ಸ್ವರದ ಜೊತೆಗೆ ವಾದ್ಯದ ಮೈಯ ಅನುರಣನವೂ ಮೇಲೆ ಕೆಳಗೆ ಸರಿಯುತ್ತದೆ. ಐದು ಮನೆಯ ಹೆಣ್ಣುದನಿಗೆ ಮಾಡಿದ ಮುದ್ರಣವನ್ನು ಒಂದು ಮನೆಗೆ ಇಳಿಸಿದರೆ ನಾದ ಜಡವಾಗುತ್ತದೆ. ಅಂಗಡಿಯಲ್ಲಿ ಅವರು ಹಾಕಿಟ್ಟ ಶ್ರುತಿಯಲ್ಲಿ ಕೇಳಿ ಮರುಳಾಗದೆ, ನಿಮ್ಮ ಶ್ರುತಿಯ ಮನೆಗೆ ತಿರುಗಿಸಿ ಕೇಳಿ.

ನಿಖರತೆಯಲ್ಲಿ ಇವು ಮೇಲುಗೈ. ಡಿಜಿಟಲ್ ಮಾದರಿಗಳು ಗಂಟೆಗಟ್ಟಲೆ ಜಾರುವುದಿಲ್ಲ, ಮನೆಗಳ ನಡುವಿನ ಸೂಕ್ಷ್ಮಕ್ಕೂ ಹೋಗುತ್ತವೆ. ಮೊದಲ ತಂತಿಯನ್ನು ಬದಲಿಸುವ ಅನುಕೂಲವನ್ನೂ ನೋಡಿ ಕೊಳ್ಳಿ. ಹಿಂದೋಳ, ಶ್ರೀರಂಜನಿಯಂಥ ಪಂಚಮವಿಲ್ಲದ ರಾಗಗಳಿಗೆ ಅಲ್ಲಿ ಮಧ್ಯಮ ಬೇಕಾಗುತ್ತದೆ. ಹಿಂದೂಸ್ತಾನಿಯವರಿಗೆ ಮಾಲ್ಕೌಂಸ್‌ಗೆ ಮಧ್ಯಮ, ಪೂರಿಯಾಕ್ಕೆ ನಿಷಾದ. ಬರೀ ಸ ಪ ಕೊಡುವ ಅಗ್ಗದ ಪೆಟ್ಟಿಗೆ ಆಗ ಅಡ್ಡ ಬರುತ್ತದೆ.

ಇನ್ನು ಕರೆಂಟಿನ ವಿಷಯ, ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ. ಅಡಾಪ್ಟರ್ ಅದನ್ನು ಏಕಮುಖವಾಗಿ ತಿರುಗಿಸುವಾಗ 100 ಹರ್ಟ್ಜಿನ ಏರಿಳಿತ ಹುಟ್ಟುತ್ತದೆ. ಅಡಾಪ್ಟರ್ ಕಳಪೆಯಾಗಿದ್ದರೆ ಅದು ಪೂರ್ತಿ ಸೋಸದೆ 100, 200, 300ರ ಗುಂಯ್ ಸದ್ದಾಗಿ ಸ್ಪೀಕರಿಗೆ ಬರುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡುವವರ ಮಂದ್ರ ಷಡ್ಜ ಎಷ್ಟು? 98. ಪಕ್ಕದಲ್ಲೇ 100. ಸೆಕೆಂಡಿಗೆ ಎರಡು ಅಲೆ. ಮಧ್ಯ ಷಡ್ಜ 196ರ ಪಕ್ಕ 200, ಅಲ್ಲಿ ನಾಲ್ಕು ಅಲೆ. ಪೆಟ್ಟಿಗೆಯ ಶ್ರುತಿ ಸರಿಯಾಗಿಯೇ ಇರುತ್ತದೆ, ಆದರೂ ಏನೋ ಕೂಡುತ್ತಿಲ್ಲ ಎನಿಸುತ್ತದೆ, ಹಾಡುವವರು ತಮ್ಮ ಕಂಠವನ್ನೇ ಅನುಮಾನಿಸುತ್ತಾರೆ. ಕರೆಂಟು ಹೋಗಿ ಚೌಕ ಅಲೆಯ ಇನ್ವರ್ಟರ್ ಓಡುತ್ತಿದ್ದರೆ ಕಥೆ ಇನ್ನೊಂದು. ಚೌಕ ಅಲೆಯಲ್ಲಿ ಬೆಸ ಹಾರ್ಮೋನಿಕ್‌ಗಳೇ ತುಂಬಿರುತ್ತವೆ: 150, 250, 350. ಸೋಸದೆ ಉಳಿದದ್ದು ಕಿರಿಕಿರಿಯಾಗಿ ಕೇಳುತ್ತದೆ. ಪರಿಹಾರ ಸರಳ. ಶ್ರುತಿ ಹಾಕಿ, ಒಮ್ಮೆ ಅಡಾಪ್ಟರ್ ಕಿತ್ತು ಬ್ಯಾಟರಿಯಲ್ಲಿ ಕೇಳಿ. ವ್ಯತ್ಯಾಸ ಕಂಡರೆ ಅಡಾಪ್ಟರ್ ಬದಲಿಸಿ, ಇಲ್ಲವೇ ಬ್ಯಾಟರಿಯಲ್ಲೇ ಅಭ್ಯಾಸ ಮಾಡಿ. ಬ್ಯಾಟರಿಯ ಜಾಗವೇ ಇಲ್ಲದ ಮಾದರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಫೋನಿನ ಆ್ಯಪ್

ಒಳಗಿನ ತಂತ್ರ ಎಲೆಕ್ಟ್ರಾನಿಕ್ ತಂಬೂರಿಯದೇ, ಹಲವು ಸಲ ಅದಕ್ಕಿಂತ ಚೆನ್ನಾದ ಮುದ್ರಣವೂ ಇರುತ್ತದೆ. ಶ್ರುತಿಯನ್ನು ಸೆಂಟ್ ಲೆಕ್ಕದಲ್ಲಿ ಸರಿಪಡಿಸಬಹುದು, ತಂತಿಗಳನ್ನು ಬೇಕಾದ ಸ್ವರಕ್ಕೆ ಇಡಬಹುದು. ಸೋಲುವುದು ಸ್ಪೀಕರಿನಲ್ಲಿ. ಫೋನಿನ ಸ್ಪೀಕರ್ ಸುಮಾರು 300 ಹರ್ಟ್ಜಿಗಿಂತ ಕೆಳಗೆ ತೀರ ದುರ್ಬಲ. ನಮ್ಮ 70 ಇಲ್ಲ, 140 ಇಲ್ಲ, 210 ಇದ್ದೂ ಇಲ್ಲದಂತೆ. ಆದರೂ ಮಂದ್ರ ಷಡ್ಜ ಕೇಳಿದಂತೆ ಅನಿಸುವುದು ಕಿವಿಯ ಚಮತ್ಕಾರ: 350, 420, 490 ಎಂದು 70ರ ಅಂತರದಲ್ಲಿ ಬರುವ ಹಾರ್ಮೋನಿಕ್‌ಗಳನ್ನು ಕೇಳಿ ಮಿದುಳು ಇಲ್ಲದ 70ನ್ನು ತಾನೇ ತುಂಬಿಕೊಳ್ಳುತ್ತದೆ. ಮೆಲ್ಲಗೆ ಕೇಳುವಾಗ ಇದು ಸಾಕು. ಬಾಯ್ತೆರೆದು ಹಾಡತೊಡಗಿದ ಕೂಡಲೇ ನಿಮ್ಮದೇ ದನಿ ಆ ತೆಳು ನಾದವನ್ನು ಮುಚ್ಚಿಬಿಡುತ್ತದೆ. ಮುಚ್ಚಿತೆಂದು ವಾಲ್ಯೂಮ್ ಪೂರ್ತಿ ಏರಿಸಿದರೆ ಸ್ಪೀಕರಿನ ದನಿ ಒಡೆದು, ಮೂಲದಲ್ಲಿ ಇಲ್ಲದ ಹಾರ್ಮೋನಿಕ್‌ಗಳನ್ನು ತಾನೇ ಹುಟ್ಟಿಸುತ್ತದೆ. ಚುರುಕು ಸದ್ದು ಬರುತ್ತದೆ, ನಾದ ಕೆಡುತ್ತದೆ.

ಹಾಗಾಗಿ ಆ್ಯಪ್ ಆರಿಸಿದವರು ಉಳಿದ ದುಡ್ಡನ್ನು ಒಂದು ಒಳ್ಳೆಯ ಸ್ಪೀಕರಿಗೆ ಹಾಕಲಿ. ಬ್ಲೂಟೂತ್ ಆದರೂ ಅಡ್ಡಿಯಿಲ್ಲ. ಬ್ಲೂಟೂತಿನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ, ನಿರಂತರ ಶ್ರುತಿಗೆ ಆ ತಡ ಲೆಕ್ಕಕ್ಕಿಲ್ಲ. ಇಯರ್‌ಫೋನ್ ಹಾಕುವವರು ಒಂದು ಕಿವಿಗೆ ಮಾತ್ರ ಹಾಕಿ, ಇನ್ನೊಂದನ್ನು ನಿಮ್ಮ ದನಿಗೆ ಬಿಡಿ. ಕರೆ ಬಂದು ಶ್ರುತಿ ನಿಲ್ಲದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ತಂತಿ ಸಿಕ್ಕಿಸುವ ಸ್ಪೀಕರ್ ಇಲ್ಲದವರು ಆಮೇಲೆ ಬ್ಲೂಟೂತನ್ನು ಮತ್ತೆ ಹೊತ್ತಿಸಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಗಂಟೆಗಟ್ಟಲೆಯ ತಂಬೂರಿ ಮುದ್ರಣಗಳು ತುರ್ತಿಗೆ ಆಗುತ್ತವೆ, ಶ್ರುತಿಯನ್ನು ಕೂದಲೆಳೆಯಷ್ಟೂ ಸರಿಸಲಾಗದು.

ಯಾರಿಗೆ ಯಾವುದು

ಸರಳೆ ವರಸೆ, ಜಂಟಿ ವರಸೆಯಲ್ಲಿರುವ ಮಗುವಿಗೆ ಶುದ್ಧಿ ಮತ್ತು ಸ್ಥಿರತೆ ಮುಖ್ಯ, ಸಮೃದ್ಧಿ ಆಮೇಲೆ. ಆ್ಯಪ್ ಮತ್ತು ಸ್ಪೀಕರ್ ಸಾಕು. ಪಾಠ ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲದಾಗ ತಂಬೂರಿಗೆ ದುಡ್ಡು ಹಾಕುವ ಅಗತ್ಯವಿಲ್ಲ. ಮನೆಯಲ್ಲಿ ಚೆನ್ನಾದ ಶ್ರುತಿ ಪೆಟ್ಟಿಗೆ ಇದ್ದರೆ ಅದನ್ನೇ ಬಳಸಿ, ಅಮ್ಮನೋ ಅಜ್ಜಿಯೋ ತಿದಿ ಒತ್ತುತ್ತಾ ಜೊತೆಗೆ ಕೂತರೆ ಮಗು ಇನ್ನಷ್ಟು ಹೊತ್ತು ಹಾಡುತ್ತದೆ.

ವರ್ಣ, ಕೃತಿಗಳಿಗೆ ಬಂದು, ರಾಗಾಲಾಪನೆ ಶುರುಮಾಡಿದವರು ಗಾಂಧಾರ ಕೇಳಿಸುವ ಶ್ರುತಿಗೆ ಬದಲಾಗಲೇಬೇಕು. ಕಲ್ಯಾಣಿ, ಶಂಕರಾಭರಣದ ಅಂತರ ಗಾಂಧಾರವನ್ನು ತೆಳು ಶ್ರುತಿಯ ಜೊತೆ ಹಾಡಿದವರು, ಒಮ್ಮೆ ತುಂಬು ನಾದದ ಜೊತೆ ಹಾಡಿ ನೋಡಿದರೆ ಎಲ್ಲಿ ಏರಿದ್ದೇವೆ ಎಂಬುದು ಒಡನೆಯೇ ತಿಳಿಯುತ್ತದೆ. ಬಜೆಟ್ಟು ಸಣ್ಣದಾದರೆ ಮುದ್ರಿತ ನಾದದ ಎಲೆಕ್ಟ್ರಾನಿಕ್ ತಂಬೂರಿ. ಕೂಡಿಸಲು ಕಲಿಸುವವರು ಇದ್ದರೆ ನೇರ ತಂಬೂರಿಗೇ ಹೋಗಿ, ನಡುವೆ ಇನ್ನೊಂದಕ್ಕೆ ಖರ್ಚು ಮಾಡಬೇಡಿ. ದಿನವೂ ತಂಬೂರಿ, ಪ್ರಯಾಣಕ್ಕೆ ಆ್ಯಪ್ ಎಂಬ ಜೋಡಿ ನನಗೆ ಅತ್ಯಂತ ಸಮಂಜಸವಾಗಿ ಕಾಣುತ್ತದೆ. ತಂಬೂರಿಯಲ್ಲಿ ಪಳಗಿದ ಕಿವಿ ಫೋನಿನ ತೆಳು ನಾದದಲ್ಲೂ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ.

ಪಿಟೀಲು, ಕೊಳಲು ಅಭ್ಯಾಸ ಮಾಡುವವರಿಗೆ ಎಲೆಕ್ಟ್ರಾನಿಕ್ ತಂಬೂರಿ ಹೊಂದುತ್ತದೆ, ಎರಡೂ ಕೈ ವಾದ್ಯದ ಮೇಲಿರುತ್ತವಲ್ಲ. ಗುಂಪು ಹಾಡಿಗೆ, ಬಯಲಿಗೆ ಶ್ರುತಿ ಪೆಟ್ಟಿಗೆ.

ಹಳೆಯ ತಂಬೂರಿ ಸಿಕ್ಕಿತು, ಕೊಳ್ಳಲೇ ಎಂದು ಕೇಳುವವರು ಹೋಗುವಾಗ ಒಂದು ಹತ್ತಿ ನೂಲು ಜೇಬಿನಲ್ಲಿಟ್ಟುಕೊಳ್ಳಿ. ಕುದುರೆಯ ಮೇಲೆ ತಂತಿ ಕೂರುವ ಜಾಗದಲ್ಲಿ ಗೀರು ಬಿದ್ದು ತೋಡಾಗಿದೆಯೇ ನೋಡಿ. ತೋಡಾಗಿದ್ದರೆ ಜೀವಾಳಿ ಕೂರದು, ಮೇಲ್ಮೈಯನ್ನು ಮತ್ತೆ ಹದ ಮಾಡಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಬಿರಡೆ ತಿರುಗಿಸಿ ಬಿಟ್ಟಾಗ ಜಾರುತ್ತದೆಯೇ, ಕೊಡ ಮತ್ತು ದಂಡಿ ಕೂಡುವ ಜಾಗದಲ್ಲಿ ಬಿರುಕಿದೆಯೇ ಎಂದು ಬೆರಳಾಡಿಸಿ ನೋಡಿ. ಆಮೇಲೆ ನೂಲು ಕೂರಿಸಿ, ಮಂದ್ರವನ್ನು ಮೀಟಿ, ಗಾಂಧಾರಕ್ಕೆ ಕಿವಿಗೊಡಿ.